ಒಂದು ಗೇಣು ಹಿಂದಕ್ಕೆ

1932ರ ಫೋರ್ಡ್ ರೋಡ್‌ಸ್ಟರ್ ಕೈಗೆ ಸಿಕ್ಕಿದರೆ ಹಾಟ್ ರಾಡ್, ಅಂದರೆ ಹಳೆ ಕಾರನ್ನು ಕಳಚಿ ವೇಗಕ್ಕೆ ತಿದ್ದಿದ ಗಾಡಿ, ಕಟ್ಟುವವರು ಮೊದಲು ಶುರು ಮಾಡುವುದು ಕೀಳುವ ಕೆಲಸ. ಮಡ್‌ಗಾರ್ಡ್ ಹೋಯಿತು, ಬಂಪರ್ ಹೋಯಿತು, ಕಾಲಿಟ್ಟು ಹತ್ತುವ ಫುಟ್‌ಬೋರ್ಡ್ ಹೋಯಿತು, ಬಾನೆಟ್ಟಿನ ಎರಡೂ ಪಕ್ಕದ ತಗಡು ಹೋಯಿತು. ಉಳಿದದ್ದು ಎರಡು ಉದ್ದನೆಯ ಚಾಸಿ ಪಟ್ಟಿ, ಇಬ್ಬರು ಕೂರುವಷ್ಟು ಬಾಡಿ, ಮುಂದೆ ಬಟಾಬಯಲಿನಲ್ಲಿ ಎಂಜಿನ್. ನೋಡುವವರ ಕಣ್ಣು ಮೊದಲು ಹೋಗಿ ನಿಲ್ಲುವುದು ಅದರ ಮೇಲೆ. ಕಟ್ಟುವವನ ತಲೆಬಿಸಿಯೂ ಅದರದ್ದೇ: ಇದನ್ನು ರೇಡಿಯೇಟರಿಗೆ ಒತ್ತಿ ಕೂರಿಸುವುದೋ, ಎಂಜಿನ್‌ಗೂ ಡ್ರೈವರನಿಗೂ ನಡುವಿನ ತಗಡಿನ ಗೋಡೆಯನ್ನು, ಅಂದರೆ ಫೈರ್‌ವಾಲನ್ನು, ಕೊರೆದು ಡ್ರೈವರನ ಕಾಲ ಬುಡಕ್ಕೆ ತರುವುದೋ?

ಹಿಂದಕ್ಕೆ ತಂದಷ್ಟೂ ಒಳ್ಳೆಯದು ಎನ್ನುವುದು ಗರಾಜುಗಳಲ್ಲಿ ವೇದವಾಕ್ಯ. ಅದಕ್ಕೆ ಕಾರಣವೂ ಇದೆ. ಗಾಡಿಯನ್ನು ಮುಂದಕ್ಕೆ ನೂಕುವುದು ಹಿಂದಿನ ಚಕ್ರ. ಅದರ ಮೇಲೆ ಭಾರ ಕಡಿಮೆಯಾದರೆ ಟೈರು ರಸ್ತೆ ಹಿಡಿಯದೆ ಸುಮ್ಮನೆ ಸುತ್ತಿ ಹೊಗೆ ಎಬ್ಬಿಸುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಹೆಚ್ಚಾದರೆ ಸ್ಟೀರಿಂಗ್ ತಿರುಗಿಸಲು ಭುಜ ನೋಯುತ್ತದೆ, ತಿರುವಿನಲ್ಲಿ ಮೂತಿ ನೆಟ್ಟಗೆ ಹೋಗಲು ನೋಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹಿಂದಕ್ಕೆ ತಂದರೆ ಎಷ್ಟು ಸಿಗುತ್ತದೆ ಎಂದು ಕೇಳಿ ನೋಡಿ. ಹೆಚ್ಚಿನವರು ಕೈಯಗಲಿಸಿ ತೋರಿಸುತ್ತಾರೆ, ಕೆ.ಜಿ.ಯಲ್ಲಿ ಹೇಳುವುದಿಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಹೊಸ ವಿಷಯವಲ್ಲ. ಮೂಟೆ ಮುಂದಕ್ಕೆ ಸರಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ. ಅಲ್ಲಿ ಅಚ್ಚು ಒಂದೇ ಆದ್ದರಿಂದ ಒಂದು ಮೂಟೆ ಜರುಗಿಸಿದರೂ ಎತ್ತಿಗೆ ತಕ್ಷಣ ಗೊತ್ತಾಗುತ್ತದೆ. ಕಾರಿಗೆ ಎರಡು ಆಕ್ಸಲ್. ಭಾರ ಜರುಗಿಸಿದಾಗ ಅದರ ಪರಿಣಾಮ ಎರಡು ಆಕ್ಸಲ್‌ಗಳ ನಡುವಿನ ದೂರದಲ್ಲಿ, ಅಂದರೆ ವೀಲ್‌ಬೇಸಿನಲ್ಲಿ ಹಂಚಿಹೋಗುತ್ತದೆ. ಲೆಕ್ಕ ಇಷ್ಟೇ: ಜರುಗಿಸಿದ ಭಾರವನ್ನು ಜರುಗಿಸಿದ ದೂರದಿಂದ ಗುಣಿಸಿ, ವೀಲ್‌ಬೇಸಿನಿಂದ ಭಾಗಿಸಿದರೆ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಹೋದ ತೂಕ ಸಿಗುತ್ತದೆ.

1932ರ ಫೋರ್ಡಿನ ವೀಲ್‌ಬೇಸ್ 106 ಇಂಚು. ಹಾಟ್ ರಾಡ್‌ಗಳಲ್ಲಿ ಅತಿ ಹೆಚ್ಚು ಕಾಣುವ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ತೂಗುವುದು ಹೆಚ್ಚುಕಡಿಮೆ 260 ಕೆ.ಜಿ. ಇಡೀ ಕಾರು 1100 ಕೆ.ಜಿ., ಮುಂದೆ ಅರ್ಧ ಹಿಂದೆ ಅರ್ಧ ಎಂದು ಇಟ್ಟುಕೊಳ್ಳೋಣ. ಎಂಜಿನ್ನನ್ನು ಒಂದು ಗೇಣು, ಅಂದರೆ 9 ಇಂಚು, ಹಿಂದಕ್ಕೆ ತಂದರೆ ಜಾಗ ಬದಲಿಸುವ ತೂಕ 22 ಕೆ.ಜಿ. ಮುಂದೆ 550 ಇದ್ದದ್ದು 528 ಆಯಿತು, ಹಿಂದೆ 572. ನೂರಕ್ಕೆ ಐವತ್ತು ಇದ್ದದ್ದು ಐವತ್ತೆರಡಾಯಿತು, ಅಷ್ಟೆ. ಇದಕ್ಕಾಗಿ ಫೈರ್‌ವಾಲ್ ಕೊರೆಯಬೇಕು, ಹೊಸ ಎಂಜಿನ್ ಮೌಂಟ್ ವೆಲ್ಡ್ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಬೇಕು, ಪೆಡಲ್ ಜಾಗ ಬದಲಿಸಬೇಕು, ಗೇರ್ ಲಿವರ್ ಸೀಟಿನ ಅಂಚಿಗೆ ಬಂತೆಂದು ಅದನ್ನೂ ಬಗ್ಗಿಸಬೇಕು.

ಅದೇ 22 ಕೆ.ಜಿ.ಯನ್ನು ಬೇರೆ ಕಡೆ ಹುಡುಕೋಣ. ಸ್ಮಾಲ್ ಬ್ಲಾಕ್‌ನ ಎರಡು ಬೀಡುಕಬ್ಬಿಣದ ಹೆಡ್ ತೆಗೆದು ಅಲ್ಯೂಮಿನಿಯಂ ಹೆಡ್ ಹಾಕಿದರೆ ಸುಮಾರು 20 ಕೆ.ಜಿ. ಇಳಿಯುತ್ತದೆ. ಎಂಜಿನ್ ಮುಂದಿನ ಆಕ್ಸಲ್‌ಗೆ ಹತ್ತಿರ ಇರುವುದರಿಂದ ಅದರಲ್ಲಿ 16 ಕೆ.ಜಿ.ಯಷ್ಟು ಮುಂದಿನ ಚಕ್ರಗಳ ಪಾಲಿನದು. 18 ಕೆ.ಜಿ. ಬ್ಯಾಟರಿಯನ್ನು ಎಂಜಿನ್ ಪಕ್ಕದಿಂದ ತೆಗೆದು ಡಿಕ್ಕಿಯಲ್ಲಿ, ಹಿಂದಿನ ಆಕ್ಸಲ್‌ಗಿಂತ ತುಸು ಹಿಂದೆ ಇಟ್ಟರೆ ಇನ್ನೊಂದು 16 ಕೆ.ಜಿ. ಮುಂದಿನಿಂದ ಹೋಗುತ್ತದೆ. ಎರಡೂ ಸೇರಿ 32. ಇದಕ್ಕೆ ಸ್ಪಾನರ್ ಸಾಕು, ಕಟಿಂಗ್ ಟಾರ್ಚ್ ಬೇಡ. ಇನ್ನು ಪೆಟ್ರೋಲ್. 1932ರ ಫೋರ್ಡಿನ ಟ್ಯಾಂಕ್ ಹಿಂದಿನ ಆಕ್ಸಲ್‌ನ ಆಚೆ, ಗಾಡಿಯ ಬಾಲದಲ್ಲಿದೆ. 50 ಲೀಟರ್ ಪೆಟ್ರೋಲ್ ಎಂದರೆ ಸುಮಾರು 37 ಕೆ.ಜಿ. ಅದು ಆಕ್ಸಲ್‌ಗಿಂತ 20 ಇಂಚು ಹಿಂದಿದೆ ಎಂದುಕೊಂಡರೆ ಹಿಂದಿನ ಚಕ್ರಗಳಿಗೆ 44 ಕೆ.ಜಿ. ಕೂಡುತ್ತದೆ, ಮುಂದಿನವುಗಳಿಂದ 7 ಕೆ.ಜಿ. ಕಳೆಯುತ್ತದೆ. ಟ್ಯಾಂಕ್ ತುಂಬಿರುವುದಕ್ಕೂ ಖಾಲಿಯಾಗಿರುವುದಕ್ಕೂ ಇರುವ ವ್ಯತ್ಯಾಸ, ತಿಂಗಳುಗಟ್ಟಲೆ ಒದ್ದಾಡಿ ಹಿಂದಕ್ಕೆ ತಂದ ಆ ಗೇಣಿಗಿಂತ ಹೆಚ್ಚು!

ಹಾಗಿದ್ದರೆ ಎಂಜಿನ್‌ನ ಜಾಗಕ್ಕೆ ಬೆಲೆಯೇ ಇಲ್ಲವೇ? ಇದೆ. ಅದಕ್ಕಿಂತ ಮೊದಲು ಬರುವ ಪ್ರಶ್ನೆ ಎಂಜಿನ್ ಯಾವುದು ಎಂಬುದು.

ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ, 1930ರ ದಶಕದಲ್ಲಿ ಈ ಹುಚ್ಚು ಶುರುವಾದಾಗ ಹುಡುಗರ ಕೈಗೆ ಎಟುಕುತ್ತಿದ್ದದ್ದು ಹಳೆಯ ಫೋರ್ಡ್‌ಗಳು. ಮಾಡೆಲ್ ಟಿ, ಮಾಡೆಲ್ ಎ, ಎರಡಕ್ಕೂ ನಾಲ್ಕು ಸಿಲಿಂಡರಿನ ಎಂಜಿನ್. ಅದನ್ನು ತಿದ್ದಿ ತೀಡಿ, ಮೊಹಾವೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣ ಕೆರೆಗಳ ಅಂಗಳಕ್ಕೆ ಒಯ್ದು ಓಡಿಸುತ್ತಿದ್ದರು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ಅಷ್ಟರಲ್ಲಿ ಫೋರ್ಡ್ ಕಂಪನಿ 1932ರಲ್ಲಿ ಬಿಟ್ಟ ಫ್ಲಾಟ್‌ಹೆಡ್ ವಿ8 ಹಳೆ ಗಾಡಿಗಳ ಅಂಗಡಿಗೆ ಇಳಿಯತೊಡಗಿತ್ತು. 221 ಘನ ಇಂಚು, 65 ಅಶ್ವಶಕ್ತಿ. ಎಂಟು ಸಿಲಿಂಡರನ್ನು ನಾಲ್ಕು ನಾಲ್ಕಾಗಿ ಎರಡು ಸಾಲಿನಲ್ಲಿ ಓರೆಯಾಗಿ ನಿಲ್ಲಿಸಿದ್ದರಿಂದ ಎಂಜಿನ್ ಉದ್ದದಲ್ಲಿ ಗಿಡ್ಡ, ಹಾಗಾಗಿ ಅದು ರೇಡಿಯೇಟರಿಗೂ ಫೈರ್‌ವಾಲಿಗೂ ನಡುವೆ ಸಲೀಸಾಗಿ ಕೂರುತ್ತಿತ್ತು.

ಆ ಕಾಲದ ಫೋರ್ಡಿನಲ್ಲಿ ಮುಂದಿನ ಆಕ್ಸಲ್ ಇರುವುದು ರೇಡಿಯೇಟರಿನ ಬುಡದಲ್ಲಿ, ಅಡ್ಡಡ್ಡ ಹಾಕಿದ ಒಂದೇ ಪಟ್ಟಿ ಸ್ಪ್ರಿಂಗಿನ ಕೆಳಗೆ. ಎಂಜಿನ್ ಅದಕ್ಕಿಂತ ಪೂರ್ತಿ ಹಿಂದೆ. ಈಗಿನ ಕೆಲವು ದುಬಾರಿ ಕಾರುಗಳ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಜೋಡಣೆ ಆಗಿನ ಅಗ್ಗದ ಫೋರ್ಡಿಗೆ ಪುಕ್ಕಟೆ ಸಿಕ್ಕಿತ್ತು. ತಮಾಷೆ ಎಂದರೆ ಕಂಪನಿಗಳು ಅದನ್ನು ಬಿಟ್ಟುಕೊಡಲು ತುದಿಗಾಲಲ್ಲಿ ನಿಂತಿದ್ದವು. ಹಿಂದಿನ ಸೀಟು ಹಿಂದಿನ ಆಕ್ಸಲ್‌ನ ಮೇಲೇ ಇದ್ದು ಅಲ್ಲಿ ಕೂತವರು ಹೊಂಡ ಸಿಕ್ಕಾಗಲೆಲ್ಲ ಎಗರಿ ಬೀಳುತ್ತಿದ್ದರು. ಸೀಟು ಮುಂದಕ್ಕೆ ಬರಬೇಕಾದರೆ ಎಂಜಿನ್ ಮುಂದಕ್ಕೆ ಹೋಗಬೇಕು. ಕ್ರೈಸ್ಲರ್ ಕಂಪನಿ 1934ರ ಏರ್‌ಫ್ಲೋ ಕಾರಿನಲ್ಲಿ ಎಂಜಿನ್ನನ್ನು ಸುಮಾರು 20 ಇಂಚು ಮುಂದೆ, ಆಕ್ಸಲ್‌ನ ನೆತ್ತಿಗೇ ಏರಿಸಿತು. ಮರುವರ್ಷ ಫೋರ್ಡ್ ಕೂಡ ತನ್ನ ವಿ8 ಅನ್ನು ಎಂಟು ಇಂಚಿನಷ್ಟು ಮುಂದಕ್ಕೆ ಸರಿಸಿ, ಸವಾರಿ ಮೆತ್ತಗಾಯಿತೆಂದು ಜಾಹೀರಾತು ಹಾಕಿತು. ಮನೆಮಂದಿ ಕೂತು ಹೋಗುವ ಗಾಡಿಗೆ ಅದೇ ಸರಿ. ಹಿಂದಿನ ಸೀಟೇ ಬೇಡದ ಹುಡುಗರಿಗೆ 1932ರ ಗಾಡಿಯೇ ಬೇಕಾಯಿತು. ಅದರ ಚೆಲುವು, ಹಗುರ ಮೈ, ಗಟ್ಟಿ ಚಾಸಿ ಎಲ್ಲ ಸೇರಿ ಅದಕ್ಕೆ ಆ ಪಟ್ಟ ಸಿಕ್ಕಿತು ಅನ್ನಿ. ಎಂಜಿನ್ ಕೂತ ಜಾಗ ಆ ಪಟ್ಟಿಯಲ್ಲಿ ಕೊನೆಯದಲ್ಲ ಎಂದು ನನ್ನ ಲೆಕ್ಕ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಸ ಎಂಜಿನ್‌ಗಳ ಸುಗ್ಗಿ. 1949ರಲ್ಲಿ ಓಲ್ಡ್ಸ್‌ಮೊಬಿಲ್ ಮತ್ತು ಕ್ಯಾಡಿಲಾಕ್, ವಾಲ್ವ್‌ಗಳು ಹೆಡ್ಡಿನಲ್ಲೇ ಇರುವ ವಿ8 ತಂದವು. 1951ರಲ್ಲಿ ಕ್ರೈಸ್ಲರ್‌ನ 331 ಘನ ಇಂಚಿನ ಹೆಮಿ ಎಂಬ ವಿ8 ಬಂತು. ಶಕ್ತಿಗೆ ಅದರ ಮುಂದೆ ಎದುರಿಲ್ಲ, ತೂಕಕ್ಕೂ ಹಾಗೆಯೇ: ಸುಮಾರು 340 ಕೆ.ಜಿ. ಹಳೆಯ ಫ್ಲಾಟ್‌ಹೆಡ್‌ಗಿಂತ ನೂರು ಕೆ.ಜಿ.ಯಷ್ಟು ಹೆಚ್ಚು. ಹೆಮಿ ಹಾಕಿಸಿಕೊಂಡ ರೋಡ್‌ಸ್ಟರ್ ನೇರ ರಸ್ತೆಯಲ್ಲಿ ಹಾರುತ್ತಿತ್ತು, ತಿರುವಿನಲ್ಲಿ ಹಟ ಹಿಡಿಯುತ್ತಿತ್ತು. ಆಮೇಲೆ 1955ರಲ್ಲಿ ಎಂಜಿನಿಯರ್ ಎಡ್ ಕೋಲ್ ಅವರ ಮುಂದಾಳತ್ವದಲ್ಲಿ ಶೆವ್ರೊಲೆ ತನ್ನ 265 ಘನ ಇಂಚಿನ ಸ್ಮಾಲ್ ಬ್ಲಾಕ್ ಬಿಟ್ಟಿತು. ತೆಳು ಗೋಡೆಯ ಎರಕ, ಸಣ್ಣ ಮೈ, ಹೆಮಿಗಿಂತ 80 ಕೆ.ಜಿ. ಕಡಿಮೆ.

ಆ 80 ಕೆ.ಜಿ.ಯನ್ನು ನಮ್ಮ ಲೆಕ್ಕಕ್ಕೆ ಹಾಕೋಣ. ಎಂಜಿನ್‌ನ ಭಾರದ ನಡುಬಿಂದು ಮುಂದಿನ ಆಕ್ಸಲ್‌ಗಿಂತ 20 ಇಂಚು ಹಿಂದಿದೆ ಎಂದರೆ, 80ರಲ್ಲಿ 65 ಕೆ.ಜಿ. ಮುಂದಿನ ಚಕ್ರಗಳ ಮೇಲಿಂದ ಇಳಿಯಿತು. ಗೇಣು ಹಿಂದಿಡುವುದರ ಮೂರರಷ್ಟು, ಮೇಲೆ ಇಡೀ ಗಾಡಿಯೇ ಹಗುರವಾದ ಲಾಭ ಬೇರೆ. 1961ರಲ್ಲಿ ಬ್ಯೂಕ್ ತಂದ 215 ಘನ ಇಂಚಿನ ಅಲ್ಯೂಮಿನಿಯಂ ವಿ8 ಇನ್ನೂ ಹಗುರ, ಸುಮಾರು 145 ಕೆ.ಜಿ. ಮಾತ್ರ. ಅಮೆರಿಕದಲ್ಲಿ ಅದು ಹೆಚ್ಚು ದಿನ ಬಾಳಲಿಲ್ಲ. ರೋವರ್ ಕಂಪನಿ ಹಕ್ಕು ಕೊಂಡು ಇಂಗ್ಲೆಂಡಿಗೆ ಒಯ್ದು ದಶಕಗಟ್ಟಲೆ ಓಡಿಸಿತು.

ಫೋರ್ಡ್ ಗಾಡಿಗೆ ಶೆವ್ರೊಲೆ ಎಂಜಿನ್ ಯಾಕೆ ಎಂದು ಫೋರ್ಡ್ ಅಭಿಮಾನಿಗಳು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಉತ್ತರ ಎಂಜಿನ್‌ನ ಹೊಟ್ಟೆಯ ಕೆಳಗಿದೆ. ಶೆವ್ರೊಲೆಯ ಆಯಿಲ್ ಸಂಪ್‌ನ ಆಳದ ಭಾಗ ಹಿಂದೆ ಇದೆ, ಹಾಗಾಗಿ ಮುಂಭಾಗ ಫೋರ್ಡ್ ಚಾಸಿಯ ಮುಂದಿನ ಅಡ್ಡಪಟ್ಟಿಗೆ ತಾಗುವುದಿಲ್ಲ. ಫೋರ್ಡಿನದೇ 289, 302 ಎಂಜಿನ್‌ಗಳಿಗೆ ಸಂಪ್ ಮುಂದೆ, ಸರಿಯಾಗಿ ಅಡ್ಡಪಟ್ಟಿಯ ದಾರಿಗೆ. ಶೆವ್ರೊಲೆಯ ತೊಡಕು ಇನ್ನೊಂದು ತುದಿಯಲ್ಲಿ: ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಹಿಂಬದಿಯಲ್ಲಿ ನಿಂತಿದೆ, ಅದು ಫೈರ್‌ವಾಲಿಗೆ ಮೂಗು ತಾಗಿಸುತ್ತದೆ. ಆದ್ದರಿಂದ ಕಟ್ಟುವವರು ಮುಂದೆ ಗಿಡ್ಡ ವಾಟರ್ ಪಂಪ್ ಹಾಕಿ ರೇಡಿಯೇಟರಿನ ಕಡೆ ಒಂದೆರಡು ಇಂಚು ಗಳಿಸಿ, ಹಿಂದೆ ಡಿಸ್ಟ್ರಿಬ್ಯೂಟರಿಗೆ ಬೆರಳಾಡುವಷ್ಟು ಜಾಗ ಬಿಡುತ್ತಾರೆ. ಎಂಜಿನ್ ಎಲ್ಲಿ ಕೂರಬೇಕೆಂದು ಭೌತಶಾಸ್ತ್ರ ಹೇಳುವುದಕ್ಕೆ ಮುಂಚೆ ಸಂಪ್, ಡಿಸ್ಟ್ರಿಬ್ಯೂಟರ್, ಸ್ಟೀರಿಂಗ್ ಬಾಕ್ಸ್ ಮೂರೂ ಸೇರಿ ಪಂಚಾಯ್ತಿ ಮುಗಿಸಿರುತ್ತವೆ.

ಈ ಕೂರಿಸುವ ಕೆಲಸ ನೋಡುವಂಥದ್ದು. ಬಲ್ಲವರು ಪೂರ್ತಿ ಎಂಜಿನ್ ಇಳಿಸುವುದಿಲ್ಲ. ಪಿಸ್ಟನ್, ಕ್ರ್ಯಾಂಕ್ ಏನೂ ಇಲ್ಲದ ಖಾಲಿ ಬ್ಲಾಕಿಗೆ ಬೋಲ್ಟ್ ಮಾಡಿದ ಖಾಲಿ ಗೇರ್‌ಬಾಕ್ಸ್ ಕವಚ, ಸರಪಳಿ ಹಾಕಿ ಎತ್ತಿದರೆ ಇಬ್ಬರು ಕೈಯಲ್ಲೇ ಆಡಿಸಬಹುದು. ಕೆಳಗೆ ಮರದ ತುಂಡು ಕೊಟ್ಟು, ಕಾರ್ಬುರೇಟರ್ ಕೂರುವ ಮಟ್ಟಸ ಜಾಗದಲ್ಲಿ ರಸಮಟ್ಟ ಇಟ್ಟು ನೋಡುತ್ತಾರೆ. ಎಂಜಿನ್‌ನ ಬಾಲ ಮೂರು ಡಿಗ್ರಿಯಷ್ಟು ಕೆಳಗೆ ವಾಲಿರಬೇಕು, ಹಿಂದಿನ ಡಿಫರೆನ್ಷಿಯಲ್‌ನ ಮೂತಿ ಅಷ್ಟೇ ಡಿಗ್ರಿ ಮೇಲೆ ನೋಡುತ್ತಿರಬೇಕು. ಎರಡೂ ಒಂದಕ್ಕೊಂದು ಹೊಂದದಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳು ವೇಗದಲ್ಲಿ ನಡುಗಿ ಸವೆಯುತ್ತವೆ. ಎಂಜಿನ್ ಹಿಂದಕ್ಕೆ ಬಂದಂತೆ ಶಾಫ್ಟ್ ಗಿಡ್ಡವಾಗುತ್ತದೆ, ಗಿಡ್ಡ ಶಾಫ್ಟ್‌ಗೆ ಅದೇ ಏರಿಳಿತದಲ್ಲಿ ಕೋನ ಹೆಚ್ಚುತ್ತದೆ. ಫ್ಯಾನು ರೇಡಿಯೇಟರಿನಿಂದ ದೂರವಾಗಿ ಗಾಳಿ ಎಳೆಯಲಾರದೆ ಎಂಜಿನ್ ಕುದಿಯುವುದು ಇನ್ನೊಂದು ಕಥೆ. ಫೈರ್‌ವಾಲ್ ಒಳಕ್ಕೆ ತಳ್ಳಿದ ಗಾಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಬಲಗಾಲಿನ ಶೂ ಒಳಗೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ, ಎಕ್ಸಾಸ್ಟ್ ಕೊಳವೆ ಅಲ್ಲೇ ಪಕ್ಕದಲ್ಲಿ ಕೆಂಪಗಿರುತ್ತದೆ. ಬೀದಿಯಲ್ಲಿ ಓಡಿಸುವ ಗಾಡಿಗೆ 22 ಕೆ.ಜಿ.ಗಾಗಿ ಇಷ್ಟೆಲ್ಲ ಪಡುವುದು ನಷ್ಟದ ವ್ಯಾಪಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮಲ್ಲಿ ಇದನ್ನು ರಸ್ತೆಗಿಳಿಯುವ ಗಾಡಿಯ ಮೇಲೆ ಪ್ರಯೋಗಿಸಲು ಹೊರಟರೆ ತೂಕಕ್ಕಿಂತ ಮೊದಲು ಆರ್‌ಟಿಒ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, 2019ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತೂಕ ಹಾಕಿ ನೋಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ತೂಕ ಹಾಕುವ ಕ್ರಮ ಸರಳ. ಮಟ್ಟಸ ನೆಲದಲ್ಲಿ ನಾಲ್ಕು ಚಕ್ರದ ಕೆಳಗೂ ಒಂದೊಂದು ತಕ್ಕಡಿ. ಡ್ರೈವರ್ ಸೀಟಿನಲ್ಲಿರಬೇಕು, ಇಲ್ಲವೇ ಅವನ ತೂಕದ ಮರಳಿನ ಚೀಲ. ಟ್ಯಾಂಕ್ ಅರ್ಧ. ಗಾಡಿಯನ್ನು ಮೇಲೆ ಕೆಳಗೆ ಒಂದೆರಡು ಸಲ ಅದುಮಿ ಸ್ಪ್ರಿಂಗ್ ಕೂರಲು ಬಿಡಬೇಕು. ಮುಂದಿನ ಎರಡರ ಮೊತ್ತ, ಹಿಂದಿನ ಎರಡರ ಮೊತ್ತ ಬಂದರೆ ಮುಂಭಾರ ಹಿಂಭಾರ ತಿಳಿಯಿತು. ಮೂಲೆಯಿಂದ ಮೂಲೆಗೆ ಕೂಡಿಸಿದರೆ ಗಾಡಿ ಒಂದು ಕಾಲು ಗಿಡ್ಡವಾದ ಮೇಜಿನ ಹಾಗೆ ಕುಂಟುತ್ತಿದೆಯೇ ಎಂದೂ ಗೊತ್ತಾಗುತ್ತದೆ. ಭಾರದ ಎತ್ತರ ಅಳೆಯುವುದು ಮಾತ್ರ ಸ್ವಲ್ಪ ಜಾಣತನದ ಕೆಲಸ. ಸ್ಪ್ರಿಂಗ್ ಅಲುಗದಂತೆ ಬಿಗಿದು ಹಿಂದಿನ ಚಕ್ರಗಳನ್ನು 20 ಇಂಚು ಎತ್ತಿ ನಿಲ್ಲಿಸಿ ಮುಂದಿನ ತಕ್ಕಡಿ ಮತ್ತೆ ನೋಡಬೇಕು. ನಮ್ಮ 1100 ಕೆ.ಜಿ. ಗಾಡಿಯಲ್ಲಿ ಮುಂದಿನ ತೂಕ 12 ಕೆ.ಜಿ. ಏರಿದರೆ, ಗುರುತ್ವ ಕೇಂದ್ರ ಚಕ್ರದ ನಡುವಿಗಿಂತ 6 ಇಂಚು ಮೇಲಿದೆ ಎಂದರ್ಥ. ಚಕ್ರದ ನಡು ನೆಲದಿಂದ 14 ಇಂಚು, ಒಟ್ಟು 20. ಸ್ಪ್ರಿಂಗ್ ಬಿಗಿಯದೆ ಎತ್ತಿದರೆ ಈ ಸಂಖ್ಯೆ ಸುಳ್ಳು ಹೇಳುತ್ತದೆ.

ಈ ಎತ್ತರ ಯಾಕೆ ಬೇಕು? ನಿಂತ ಗಾಡಿಯ ಲೆಕ್ಕವೇ ಬೇರೆ, ಓಡುವ ಗಾಡಿಯ ಲೆಕ್ಕವೇ ಬೇರೆ ಆದ್ದರಿಂದ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಹಿಂದಕ್ಕೆ ಕೂರುತ್ತದೆ, ಮುಂದಿನ ಭಾರ ಹಿಂದಕ್ಕೆ ಹರಿಯುತ್ತದೆ. ಎಷ್ಟು ಹರಿಯುತ್ತದೆ ಎಂಬುದು ಗುರುತ್ವ ಕೇಂದ್ರದ ಎತ್ತರ ಮತ್ತು ವೀಲ್‌ಬೇಸ್ ಎರಡರ ಮೇಲೆ ನಿಂತಿದೆ. ಕೆಳಗೆ ಬೀಳುವ ವಸ್ತುವಿನ ವೇಗ ಏರುವ ದರದ ಅರ್ಧದಷ್ಟು ಬಿರುಸಿನಲ್ಲಿ ಗಾಡಿ ಮುನ್ನುಗ್ಗಿದರೆ, ನಮ್ಮ ರೋಡ್‌ಸ್ಟರಿನಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಭಾರ 104 ಕೆ.ಜಿ. ಒಂದು ಗೇಣಿನ 22 ಎಲ್ಲಿ, ಇದೆಲ್ಲಿ! ಬ್ರೇಕ್ ಹಾಕಿದಾಗ ಇದೇ ಹರಿವು ತಿರುಗಿ ಮುಂದಕ್ಕೆ. ಜೋರಾಗಿ ಒತ್ತಿದರೆ 166 ಕೆ.ಜಿ. ಮುಂದೆ ಹೋಗಿ, ಹಿಂದೆ ಉಳಿಯುವುದು 384. ಹಿಂದಿನ ಚಕ್ರ ಕಚ್ಚಿ ನಿಂತು ಗಾಡಿ ಅಡ್ಡ ತಿರುಗುವುದು ಆಗಲೇ. ಹಳೆ ಹಾಟ್ ರಾಡ್‌ಗಳಿಗೆ 1939ರ ಫೋರ್ಡಿನ ಹೈಡ್ರಾಲಿಕ್ ಬ್ರೇಕ್ ತಂದು ಜೋಡಿಸುತ್ತಿದ್ದದ್ದು ಶೋಕಿಗಲ್ಲ.

ಡ್ರ್ಯಾಗ್ ರೇಸಿನವರು ಈ ಹರಿವನ್ನೇ ಹಿಡಿದುಕೊಂಡರು. ಕಾಲು ಮೈಲಿ ನೆಟ್ಟಗೆ ಓಡಿ ಮುಗಿಯುವ ಸ್ಪರ್ಧೆಯಲ್ಲಿ ತಿರುವಿನ ಚಿಂತೆಯಿಲ್ಲ, ಬೇಕಾದದ್ದು ಹಿಂದಿನ ಟೈರಿನ ಹಿಡಿತ ಒಂದೇ. 1950ರ ದಶಕದ ಕೊನೆಗೆ ಮತ್ತು 60ರ ದಶಕದಲ್ಲಿ ಮೆರೆದ ಗ್ಯಾಸರ್ ಎಂಬ ಡ್ರ್ಯಾಗ್ ಕಾರುಗಳನ್ನು ಚಿತ್ರದಲ್ಲಿ ನೋಡಿದರೆ ನಗು ಬರುತ್ತದೆ: ಪುಟ್ಟ ವಿಲಿಸ್ ಕಾರು, ಮುಂದಿನ ಕಾಲು ಎತ್ತಿ, ಮೂತಿ ಆಕಾಶಕ್ಕೆ ಮಾಡಿ ನಿಂತಿದೆ. ಲಾರಿಗೆ ಹಾಕುವಂಥ ನೇರ ಆಕ್ಸಲ್ ಕೊಟ್ಟು ಎಂಜಿನ್ ಮೇಲೆತ್ತಿದ್ದು ಭಾರ ಎತ್ತರವಾದಷ್ಟೂ ಹಿಂದಕ್ಕೆ ಹೆಚ್ಚು ಹರಿಯಲಿ ಎಂದು. ನಮ್ಮ ಗಾಡಿಯ ಲೆಕ್ಕದಲ್ಲಿ, ಎಂಜಿನ್ ಒಂದು ಗೇಣು ಹಿಂದಿಟ್ಟಾಗ ಸಿಗುವ ಹೆಚ್ಚುವರಿ ಹಿಡಿತವೇ ಗುರುತ್ವ ಕೇಂದ್ರವನ್ನು 4 ಇಂಚು ಎತ್ತಿದಾಗಲೂ ಸಿಗುತ್ತದೆ. ಗ್ಯಾಸರ್‌ನವರು ಎರಡನ್ನೂ ಮಾಡಿದರು. ಅದಕ್ಕೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ (ಎನ್‌ಎಚ್‌ಆರ್‌ಎ) ಲಗಾಮು ಹಾಕಿತು: ಮುಂದಿನ ಚಕ್ರದ ನಡುವಿನಿಂದ ಎಂಜಿನ್‌ನ ಮೊದಲ ಸ್ಪಾರ್ಕ್ ಪ್ಲಗ್‌ವರೆಗೆ ವೀಲ್‌ಬೇಸಿನ ನೂರಕ್ಕೆ 10ರಷ್ಟು ಮಾತ್ರ ಹಿಂದೆ ಸರಿಸಬಹುದಿತ್ತು, ಕ್ರ್ಯಾಂಕ್‌ಶಾಫ್ಟ್ ನೆಲದಿಂದ 24 ಇಂಚಿಗಿಂತ ಮೇಲಿರುವಂತಿರಲಿಲ್ಲ. 100 ಇಂಚಿನ ವಿಲಿಸ್‌ಗೆ ಸಿಕ್ಕಿದ್ದು 10 ಇಂಚು. ಆಲ್ಟರ್ಡ್ ಎಂಬ ಇನ್ನೊಂದು ವರ್ಗದವರಿಗೆ ನೂರಕ್ಕೆ 25. ಅಲ್ಲಿ ಎಂಜಿನ್ ನಿಜವಾಗಿಯೂ ಗಾಡಿಯ ನಡುವಿಗೇ ಬರುತ್ತಿತ್ತು, ಆ ದೂರಕ್ಕೆ ಕೆ.ಜಿ.ಗಳೂ ಕಣ್ಣಿಗೆ ಕಾಣುವಷ್ಟಾಗುತ್ತಿದ್ದವು.

ಎಂಜಿನ್ ಸರಿಸಲು ಬಿಡದಿದ್ದರೆ ಚಕ್ರ ಸರಿಸಿದರಾಯಿತು. 1965ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಕೆಲವು ಡಾಡ್ಜ್, ಪ್ಲಿಮತ್ ಕಾರುಗಳ ಹಿಂದಿನ ಆಕ್ಸಲನ್ನು 15 ಇಂಚು, ಮುಂದಿನದನ್ನು 10 ಇಂಚು ಮುಂದಕ್ಕೆ ತಂದಿತು. ಎಂಜಿನ್, ಬಾಡಿ ಇದ್ದಲ್ಲೇ ಇವೆ. ಚಕ್ರಗಳು ಮುಂದೆ ಬಂದದ್ದರಿಂದ ಇಡೀ ಗಾಡಿಯ ಭಾರ ಹಿಂದಕ್ಕೆ ಬಂದಂತಾಯಿತು. ನೋಡಲು ವಿಕಾರ, ಅದಕ್ಕೇ ಜನ ಫನ್ನಿ ಕಾರ್ ಎಂದು ಕರೆದರು. ಎನ್‌ಎಚ್‌ಆರ್‌ಎ ತನ್ನ ಸ್ಪರ್ಧೆಗಳಲ್ಲಿ ಕಂಪನಿ ಕಾರುಗಳ ವರ್ಗಕ್ಕೆ ಇವನ್ನು ಸೇರಿಸಲಿಲ್ಲ. ಇಬ್ಬಿಬ್ಬರ ಪಂದ್ಯಗಳಲ್ಲಿ ಓಡಿ ಹೆಸರು ಮಾಡಿದವು.

ಅದಕ್ಕೂ ಮೊದಲೇ ಇನ್ನೊಂದು ಉಪಾಯ ಹೊಳೆದಿತ್ತು: ಡ್ರೈವರನನ್ನೇ ಭಾರವಾಗಿ ಬಳಸುವುದು. 1954ರ ಸುಮಾರಿಗೆ ಮಿಕ್ಕಿ ಥಾಂಪ್ಸನ್ ಕಟ್ಟಿದ ಡ್ರ್ಯಾಗ್‌ಸ್ಟರಿನಲ್ಲಿ ಡ್ರೈವರ್ ಕೂರುತ್ತಿದ್ದದ್ದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ, ಎರಡು ಕಾಲನ್ನು ಆಕ್ಸಲ್‌ನ ಮೇಲಿಂದ ಮುಂದೆ ಚಾಚಿ. ಎಂಜಿನ್ ಅವನ ಮಂಡಿಯ ಮುಂದೆ. ಸ್ಲಿಂಗ್‌ಶಾಟ್ ಎಂದು ಹೆಸರಾದ ಈ ಜೋಡಣೆ ಹದಿನೈದು ವರ್ಷ ಆಳಿತು. ಮುಂದಿನ ಚಕ್ರ ಮೇಲೇಳದಿರಲೆಂದು ಚಾಸಿ ಉದ್ದವಾಗುತ್ತ ಹೋಗಿ ವೀಲ್‌ಬೇಸ್ 200 ಇಂಚು ದಾಟಿತು. ಕ್ಲಚ್, ಗೇರ್‌ಬಾಕ್ಸ್ ಎರಡೂ ಡ್ರೈವರನ ಎರಡು ಕಾಲಿನ ನಡುವೆ ಗಿರ್ರೆಂದು ತಿರುಗುತ್ತಿರುವುದರ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

1970ರ ಮಾರ್ಚ್ 8ರಂದು ಲಾಸ್ ಏಂಜಲಿಸ್ ಬಳಿಯ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಸ್ಲಿಂಗ್‌ಶಾಟ್ ಕಾರಿನ ಗೇರ್‌ಬಾಕ್ಸ್ ಸಿಡಿಯಿತು. ಗಾಡಿ ಎರಡು ತುಂಡಾಯಿತು, ಅವರ ಬಲ ಪಾದದ ಒಂದು ಭಾಗ ಹೋಯಿತು. ಗುಣವಾಗಿ ಎದ್ದ ಗಾರ್ಲಿಟ್ಸ್ ಎಂಜಿನ್ನನ್ನು ತನ್ನ ಬೆನ್ನ ಹಿಂದಿಟ್ಟು ಸ್ವಾಂಪ್ ರ್ಯಾಟ್ 14 ಕಟ್ಟಿದರು. ಹಿಂದೆ ಎಂಜಿನ್ ಇಟ್ಟು ನೋಡಿದವರು ಅವರಿಗಿಂತ ಮೊದಲೂ ಇದ್ದರು, ಆ ಗಾಡಿಗಳು ನೆಟ್ಟಗೆ ಹೋಗುವುದಿಲ್ಲ ಎಂಬ ಅಪಖ್ಯಾತಿಯೂ ಇತ್ತು. ಗಾರ್ಲಿಟ್ಸ್ ಅವರ ಗಾಡಿಯೂ ಶುರುವಿನಲ್ಲಿ ಅತ್ತಿತ್ತ ಓಲಾಡಿತು. ಸ್ಲಿಂಗ್‌ಶಾಟ್‌ನಲ್ಲಿ ಕೂತವನಿಗೆ ಗಾಡಿಯ ಬಾಲ ಜಾರುವುದು ಕೂಡಲೇ ಸೊಂಟಕ್ಕೆ ತಿಳಿಯುತ್ತಿತ್ತು, ಉದ್ದನೆಯ ಮೂತಿ ಕಣ್ಣ ಮುಂದೆ ತಿರುಗುವುದೂ ಕಾಣುತ್ತಿತ್ತು. ಮುಂದೆ ಬಂದು ಕೂತವನಿಗೆ ಎರಡೂ ಇಲ್ಲ, ಸ್ವಲ್ಪ ತಿರುಗಿಸಿದರೆ ಗಾಡಿ ಜಾಸ್ತಿ ತಿರುಗುತ್ತದೆ. ಕೊನೆಗೆ ಪರಿಹಾರ ಸಿಕ್ಕಿದ್ದು ಸ್ಟೀರಿಂಗಿನಲ್ಲಿ, ಕೈಯಲ್ಲಿ ಹೆಚ್ಚು ತಿರುಗಿಸಿದರೆ ಚಕ್ರ ಕಡಿಮೆ ತಿರುಗುವಂತೆ ಅದರ ಅನುಪಾತ ಬದಲಿಸಿದ ಮೇಲೆ. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಡ್ರ್ಯಾಗ್‌ಸ್ಟರ್‌ಗಳ ಮೇಲ್ದರ್ಜೆಯ ಓಟದಿಂದ ಮುಂದಿನ ಎಂಜಿನ್ ಮಾಯವಾಯಿತು.

ಹಾಟ್ ರಾಡ್‌ಗಳಲ್ಲೇ ಹೆಚ್ಚು ತಪ್ಪು ಅರ್ಥವಾಗುವುದು ಟಿ-ಬಕೆಟ್. ಮಾಡೆಲ್ ಟಿಯ ಪುಟ್ಟ ಬಾಡಿ, ಅದರ ಮುಂದೆ ಬಾಡಿಗಿಂತ ದೊಡ್ಡದಾಗಿ ಕಾಣುವ ವಿ8. ನಾರ್ಮ್ ಗ್ರಬೋವ್‌ಸ್ಕಿ ಅವರು ಕ್ಯಾಡಿಲಾಕ್ ಎಂಜಿನ್ ಹಾಕಿ ಕಟ್ಟಿದ ಗಾಡಿ, 1958ರಲ್ಲಿ ಶುರುವಾದ ‘77 ಸನ್‌ಸೆಟ್ ಸ್ಟ್ರಿಪ್’ ಟಿವಿ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಮೇಲೆ ಊರೂರಲ್ಲಿ ಅದರ ನಕಲು ಹುಟ್ಟಿದವು. ಅಷ್ಟು ದೊಡ್ಡ ಎಂಜಿನ್ ಮುಂದಿರುವಾಗ ಮೂತಿ ಭಾರವಿರಲೇಬೇಕು ಎಂದು ಕಣ್ಣು ಹೇಳುತ್ತದೆ. ತಕ್ಕಡಿ ಒಪ್ಪುವುದಿಲ್ಲ. ಮುಂದಿನ ಆಕ್ಸಲ್ ಚಾಸಿಯ ತುದಿಗಿಂತಲೂ ಆಚೆ ಚಾಚಿಕೊಂಡಿರುತ್ತದೆ, ಎಂಜಿನ್ ಅದಕ್ಕಿಂತ ಬಹಳ ಹಿಂದೆ. ಕೂತ ಇಬ್ಬರೂ ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ನ ಮಡಿಲಲ್ಲಿ. ಹೀಗೆ ಹಿಂಭಾರವಾದ, ಎತ್ತರ ಕೂತ, ಗಿಡ್ಡ ಗಾಡಿಗೆ ಮುಂದೆ ಸೈಕಲ್ಲಿನಂಥ ಸಪೂರ ಟೈರು, ಎಷ್ಟೋ ಸಲ ಮುಂದೆ ಬ್ರೇಕೂ ಇಲ್ಲ. ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿ ಸ್ಟೀರಿಂಗ್ ತಿರುಗಿಸಿದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಹಿಂದೆ ಮುಂದೆ ತೂಕ ಸಮ ಬಂದ ಮಾತ್ರಕ್ಕೆ ಎರಡು ಗಾಡಿಗಳ ನಡತೆ ಒಂದೇ ಆಗಿರುತ್ತದೆ ಎಂದೂ ಇಲ್ಲ. ಎಂಜಿನ್ ಮೂತಿಯಲ್ಲಿಟ್ಟು, ಟ್ಯಾಂಕ್, ಬ್ಯಾಟರಿ, ಮತ್ತೊಂದಿಷ್ಟು ಕಬ್ಬಿಣ ಬಾಲದಲ್ಲಿಟ್ಟು ಐವತ್ತಕ್ಕೆ ಐವತ್ತು ತರಬಹುದು. ಎಲ್ಲವನ್ನೂ ನಡುವಿಗೆ ತಂದೂ ತರಬಹುದು. ತುದಿಗಳಲ್ಲಿರುವ ಭಾರ ತಿರುಗಲು ಒಲ್ಲೆ ಎನ್ನುತ್ತದೆ, ಒಮ್ಮೆ ತಿರುಗಲು ಶುರುವಾದರೆ ನಿಲ್ಲಲೂ ಒಲ್ಲೆ ಎನ್ನುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಈ ಹಟ ಏರುತ್ತದೆ: ನಡುವಿನಿಂದ ಎರಡರಷ್ಟು ದೂರ ಹೋದರೆ ನಾಲ್ಕರಷ್ಟು ಹಟ. ಎಂಜಿನ್ ಒಂದು ಗೇಣು ಹಿಂದಿಡುವುದರ ನಿಜವಾದ ಲಾಭ ಇಲ್ಲಿದೆ, ಅದು ತಕ್ಕಡಿಯಲ್ಲಿ ಕಾಣದೆ ಘಟ್ಟದ ತಿರುವಿನಲ್ಲಿ ಕೈಗೆ ತಿಳಿಯುತ್ತದೆ. ಹೊಂಡಗುಂಡಿಯ ರಸ್ತೆಯ ಮೇಲೆ ನೆಟ್ಟಗೆ ಹೋಗುವಾಗ ಅದೇ ಚುರುಕು ಕಿರಿಕಿರಿಯಾಗುವುದೂ ಉಂಟು.

ಕೊನೆಗೆ ಉಪ್ಪಿನ ಬಯಲು. 1949ರಿಂದ ಯೂಟಾದ ಬೊನೆವಿಲ್‌ನಲ್ಲಿ ಹಾಟ್ ರಾಡ್‌ನವರ ವಾರ್ಷಿಕ ವೇಗದ ವಾರ ನಡೆಯುತ್ತಿದೆ. ಅಲ್ಲಿಗೆ ಬರುವ ಗಾಡಿಗಳಲ್ಲಿ ಬೆಲ್ಲಿ ಟ್ಯಾಂಕ್ ಎಂಬ ಒಂದು ಜಾತಿ. ಯುದ್ಧದಲ್ಲಿ ಪಿ-51, ಪಿ-38 ವಿಮಾನಗಳಿಗೆ ಹೆಚ್ಚುವರಿ ಪೆಟ್ರೋಲ್ ತುಂಬಿ ನೇತುಹಾಕುತ್ತಿದ್ದ ಟ್ಯಾಂಕ್‌ಗಳು ಯುದ್ಧಾನಂತರ ಗುಜರಿಗೆ ಬಂದವು, ಬಿಲ್ ಬರ್ಕ್ ಅವುಗಳೊಳಗೆ ಫ್ಲಾಟ್‌ಹೆಡ್ ಕೂರಿಸಿದರು. ಮೊದಲ ಪ್ರಯತ್ನದ ಸಣ್ಣ ಟ್ಯಾಂಕಿನಲ್ಲಿ ಎಂಜಿನ್ ಮುಂದೆ. ಆಮೇಲೆ ಪಿ-38ರ ದೊಡ್ಡ ಟ್ಯಾಂಕ್ ಸಿಕ್ಕಿದಾಗ ಡ್ರೈವರ್ ಮುಂದೆ, ಎಂಜಿನ್ ಅವನ ಬೆನ್ನಿಗೆ. ಹಾಗೆ ಮಾಡಿದ್ದು ಟ್ಯಾಂಕಿನ ಹೊಟ್ಟೆ ಎಲ್ಲಿ ಅಗಲವಿದೆಯೋ ಅಲ್ಲಿ ಎಂಜಿನ್ ಕೂರಲಿ ಎಂದು. ಇದೇ ಮಾದರಿಯಲ್ಲಿ ಅಲೆಕ್ಸ್ ಜಿಡಿಯಾಸ್ ಅವರ ಸೋ-ಕ್ಯಾಲ್ ಗಾಡಿ 1952ರಲ್ಲಿ ಗಂಟೆಗೆ 198 ಮೈಲಿ ಮುಟ್ಟಿತು.

ವೇಗ ಇನ್ನೂ ಏರಿದಂತೆ ಬೊನೆವಿಲ್‌ನ ಲೆಕ್ಕ ತಲೆಕೆಳಗು. ಅಲ್ಲಿ ಗಾಡಿ ಅಡ್ಡ ತಿರುಗಿದರೆ ಅದನ್ನು ಮತ್ತೆ ನೆಟ್ಟಗೆ ತರುವುದು ಗಾಳಿ. ಗಾಳಿ ಒತ್ತುವ ಬಿಂದು ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೆ ಮಾತ್ರ ಅದು ನೆಟ್ಟಗೆ ತರುತ್ತದೆ, ಮುಂದಿದ್ದರೆ ಇನ್ನಷ್ಟು ತಿರುಗಿಸಿ ಉರುಳಿಸುತ್ತದೆ. ಆದ್ದರಿಂದ ಭಾರ ಮುಂದಿರಬೇಕು. ಆದರೆ ಉಪ್ಪು ಜಾರುವ ನೆಲ, ಹಿಂದಿನ ಚಕ್ರದ ಮೇಲೂ ಭಾರ ಬೇಕು. ಎರಡನ್ನೂ ಒಟ್ಟಿಗೆ ಪಡೆಯುವ ನೇರ ದಾರಿ ಒಟ್ಟು ತೂಕವನ್ನೇ ಏರಿಸುವುದು. ಅಲ್ಯೂಮಿನಿಯಂ ಹೆಡ್‌ಗೆ ಸಾವಿರಾರು ಡಾಲರ್ ಸುರಿದವರು ಬೊನೆವಿಲ್‌ಗೆ ಬರುವ ಹಿಂದಿನ ದಿನ ಗರಾಜಿನಲ್ಲಿ ಸೀಸ ಕರಗಿಸಿ ಗಟ್ಟಿ ಎರೆದು, ಒಂದಿಷ್ಟನ್ನು ಮೂತಿಗೆ, ಒಂದಿಷ್ಟನ್ನು ಹಿಂದಿನ ಆಕ್ಸಲ್‌ನ ಮೇಲಕ್ಕೆ ಬೋಲ್ಟ್ ಮಾಡುತ್ತಾರೆ. ಕೆಲವು ಗಾಡಿಗಳಲ್ಲಿ ಆ ಸೀಸ ಎಂಜಿನ್‌ಗಿಂತಲೂ ಭಾರ.